ಸುಶಿ ಎಂದರೆ ಅನ್ನ, ಮೀನಲ್ಲ

ಪುಣೆಯ ನಮ್ಮ ಮನೆಯಲ್ಲಿ ಮಗಳ ಹಟಕ್ಕೆ ಮೊದಲ ಸಲ ಸುಶಿ ಮಾಡಿದಾಗ ಬಳಸಿದ್ದು ಸೋನಾ ಮಸೂರಿ. ಚಿತ್ರಾನ್ನಕ್ಕೆ ಪಳಗಿದ ಕೈ. ಅನ್ನ ಉದುರುದುರಾಗಿ ಸುರುಳಿ ಬಿಚ್ಚಿಕೊಂಡಿತು.

ಸುಶಿ ಎಂದರೆ ಹಸಿ ಮೀನಲ್ಲ, ವಿನೆಗರ್ ಬೆರೆಸಿದ ಅನ್ನ. ಅದಕ್ಕೆ ಗಿಡ್ಡ ಕಾಳಿನ, ಅಂಟುವ ಜಪಾನಿ ಅಕ್ಕಿಯೇ ಬೇಕು. 2 ಕಪ್ ಅಕ್ಕಿಯ ಬಿಸಿ ಅನ್ನಕ್ಕೆ 4 ದೊಡ್ಡ ಚಮಚ ಅಕ್ಕಿ ವಿನೆಗರ್, ಸಕ್ಕರೆ, ಉಪ್ಪು ಹಾಕಿ, ಕಿವುಚದೆ ಬೆರೆಸಿ ಆರಿಸಿ. ನೋರಿ ಹಾಳೆಯ ಮೇಲೆ ತೆಳ್ಳಗೆ ಹರಡಿ, ಸೌತೆಕಾಯಿ ಇಟ್ಟು ಸುತ್ತಿ.

ಹೊಸಬರು ಹಸಿ ಮೀನಿನ ಗೋಜಿಗೆ ಹೋಗಲೇಬಾರದು. ಮೀನಿನೊಳಗಿನ ಹುಳು ಸಾಯಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು. ಮನೆಯ ಫ್ರಿಜ್ಜನ್ನು ನಂಬುವಂತಿಲ್ಲ. ಸೌತೆಕಾಯಿ ಸುಶಿ ಸಪ್ಪೆಯೆಂದು ನಗುವವರು ನಗಲಿ. ಜಪಾನಿನಲ್ಲಿ ಅದಕ್ಕೆ ‘ಕಪ್ಪಾಮಾಕಿ’ ಎಂಬ ಹೆಸರೇ ಇದೆ. ಮಗಳ ತಟ್ಟೆಗೆ ನಾನು ಬಡಿಸುವುದು ಅದನ್ನೇ.