ರಸ್ತೆ ಅಗಲವಾದರೆ ಪೇಟೆ ಉಳಿಯುವುದೇ?

ಬ್ಯಾಡಗಿಯ ಮುಖ್ಯರಸ್ತೆ ಅಗಲೀಕರಣದ ವಿವಾದವು ಒಂದು ದಶಕಕ್ಕೂ ಮೀರಿ ಎಳೆದಾಡಿತು. ಒಂದು ಕಡೆ ಬಂದ್, ಧರಣಿ, ಮನವಿಪತ್ರ. ಇನ್ನೊಂದು ಕಡೆ ವಕೀಲರು, ನ್ಯಾಯಾಲಯ, ಮುಂದೂಡಿಕೆ. ಗಜೇಂದ್ರಗಡ-ಸೊರಬ ರಾಜ್ಯ ಹೆದ್ದಾರಿಯೇ ಆ ಪಟ್ಟಣದ ಪೇಟೆಯೂ ಆಗಿರುವುದರಿಂದ, ಮೆಣಸಿನಕಾಯಿ ಲಾರಿಗಳೂ ಶಾಲಾಮಕ್ಕಳೂ ಒಂದೇ ಓಣಿಯಲ್ಲಿ ನುಸುಳಬೇಕಾದ ಸಂಕಟ ಸುಳ್ಳಲ್ಲ. ಆದರೆ ಇಷ್ಟು ವರ್ಷಗಳ ಚರ್ಚೆಯನ್ನು ಗಮನಿಸಿದವರಿಗೆ ಒಂದು ಸಂಗತಿ ಹೊಳೆಯದಿರದು. ರಸ್ತೆಯ ಮಧ್ಯದಿಂದ ಎಷ್ಟು ಅಡಿ ಒಡೆಯಬೇಕೆಂದು ಎಲ್ಲರೂ ಕೇಳಿದರು. ಒಡೆದ ಮೇಲೆ ಆ ಪೇಟೆಯಲ್ಲಿ ಯಾರು ಬದುಕುತ್ತಾರೆಂದು ಕೇಳಿದವರು ವಿರಳ.

ಹಾವೇರಿಯನ್ನೇ ನೋಡೋಣ. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ಜಿಲ್ಲೆಯಾದಾಗ ಊರಿನ ವ್ಯಾಪಾರಿಗಳು ಕಂಡ ಕನಸುಗಳೆಷ್ಟು! ಕ್ರಮೇಣ ಜಿಲ್ಲಾಡಳಿತ ಭವನವು ದೇವಗಿರಿಗೆ ಹೋಯಿತು. ವೈದ್ಯಕೀಯ ಕಾಲೇಜಿಗೆ ನೆಲೋಗಲ್ ಗೊತ್ತಾಯಿತು. ಊರೊಳಗಿನ ಪಿ.ಬಿ. ರಸ್ತೆಯಲ್ಲಿ ಸಾಗುತ್ತಿದ್ದ ದೂರದ ವಾಹನಗಳು ಚತುಷ್ಪಥ ಹೆದ್ದಾರಿ ಬಂದ ಮೇಲೆ ಹೊರಗಿಂದಲೇ ಹಾದುಹೋಗತೊಡಗಿದವು. ಕಚೇರಿಗೆಂದು ಬಂದ ಹಳ್ಳಿಯವನು ಅದೇ ನೆಪದಲ್ಲಿ ಪೇಟೆಯಲ್ಲಿ ಒಂದು ಸೀರೆ, ಒಂದು ಜೊತೆ ಚಪ್ಪಲಿ ಕೊಂಡು, ಖಾನಾವಳಿಯಲ್ಲಿ ಊಟ ಮಾಡಿ ಹೋಗುತ್ತಿದ್ದ. ಈಗ ಅವನು ಕೆಲಸ ಮುಗಿಸಿಕೊಂಡು ಅಲ್ಲಿಂದಲೇ ಬಸ್ಸು ಹತ್ತುತ್ತಾನೆ. ಕಚೇರಿಗಳನ್ನು ಹೊರಗೆ ಸಾಗಿಸುವ ತೀರ್ಮಾನ ಮಾಡಿದವರೇ ಇಂದು ‘ಪೇಟೆ ಸೊರಗಿದೆ, ಆದ್ದರಿಂದ ರಸ್ತೆ ಅಗಲಿಸೋಣ’ ಎನ್ನುವುದು ರೋಗಿಯ ಊಟ ಕಸಿದು, ಅವನಿಗೆ ಅಗಲವಾದ ಹಾಸಿಗೆ ಕೊಡಿಸಿದಂತೆ.

ಈ ಒಡೆಯುವ ಹುಮ್ಮಸ್ಸು ಹೊಸದೇನಲ್ಲ. 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ತಂಜಾವೂರು, ಮಧುರೆ, ಲಾಹೋರ್, ಇಂದೋರ್ ಮೊದಲಾದ ಊರುಗಳ ಓಣಿ ಓಣಿ ಸುತ್ತಿ ವರದಿಗಳನ್ನು ಬರೆದರು. ಹಳೆಯ ಪೇಟೆಯನ್ನು ಸೀಳಿ ನೇರ ರಸ್ತೆ ಎಳೆಯಬೇಕೆಂಬ ಅಂದಿನ ಇಂಜಿನಿಯರುಗಳ ಯೋಜನೆಗಳನ್ನು ಅವರು ಕಟುವಾಗಿ ಟೀಕಿಸಿದರು. ಅವರ ಮದ್ದು ಬೇರೆ: ಕುಸಿದು ಬಿದ್ದ ಮನೆಗಳನ್ನಷ್ಟೇ ತೆಗೆದು ಅಲ್ಲೊಂದು ಚಿಕ್ಕ ಬಯಲು ಮಾಡುವುದು, ಮರ ನೆಡುವುದು, ಬಾವಿ ಮತ್ತು ಗಟಾರ ಸರಿಪಡಿಸುವುದು, ತೀರ ಇಕ್ಕಟ್ಟಾದ ಕಡೆ ಮಾತ್ರ ಓಣಿಯನ್ನು ಸಡಿಲಿಸುವುದು. ಇದಕ್ಕೆ ಖರ್ಚೂ ಕಡಿಮೆ, ಬೀದಿಪಾಲಾಗುವವರೂ ಕಡಿಮೆ ಎಂದು ಅವರು ತೋರಿಸಿಕೊಟ್ಟರು. ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರದ ಮಾತು. ಹೊಸ ಉದ್ಯಮ ಹುಟ್ಟಬೇಕಾದರೆ ಊರಿನ ನಡುವೆ ಹಳೆಯ ಕಟ್ಟಡಗಳಿರಬೇಕು. ಸಣ್ಣವರಿಗೆ ಎಟುಕುವುದು ಅವುಗಳ ಬಾಡಿಗೆ ಮಾತ್ರ. ಹಾವೇರಿಯ ಏಲಕ್ಕಿ ಹಾರ ನಾಡಿಗೆಲ್ಲ ಪ್ರಸಿದ್ಧ. ಪಟವೇಗಾರರ ಕೈಯಲ್ಲಿ ಅರಳುವ ಆ ಹಾರವು ಹವಾನಿಯಂತ್ರಿತ ಮಳಿಗೆಯ ಬಾಡಿಗೆ ಕಟ್ಟಿ ಉಳಿಯಬಲ್ಲ ಕಸುಬೇ? (2023ರ ಜನವರಿಯಲ್ಲಿ ಹಾವೇರಿಯಲ್ಲಿಯೇ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಮುಸ್ಲಿಮ್ ಲೇಖಕರಿಗೆ ಸಿಕ್ಕ ಸ್ಥಾನ ಎಷ್ಟೆಂಬುದು ನಾಡಿನಲ್ಲೆಲ್ಲ ಚರ್ಚೆಯಾಯಿತು. ಹಾರ ಕಟ್ಟುವ ಕೈಗಳ ಬಗ್ಗೆ ಮಾತ್ರ ಯಾರದೂ ತಕರಾರಿರಲಿಲ್ಲ. ಅದಿರಲಿ.)

ಅಗಲೀಕರಣವೇ ಬೇಡವೆಂದು ನಾವು ವಾದಿಸುತ್ತಿಲ್ಲ. ಬ್ಯಾಡಗಿಯಲ್ಲಿ ಸುಗ್ಗಿಯ ದಿನಗಳಲ್ಲಿ ಒಂದೇ ದಿನ ಲಕ್ಷಕ್ಕೂ ಮೀರಿ ಮೆಣಸಿನಕಾಯಿ ಚೀಲಗಳು ಬಂದಿಳಿಯುತ್ತವೆ. ಅಂಥ ಊರಿಗೆ ಲಾರಿಗಳ ದಾರಿ ಬೇಕೇ ಬೇಕು. ಆದರೆ ಲಾರಿಯ ದಾರಿಯೂ ಜನರ ಪೇಟೆಯೂ ಒಂದೇ ಆಗಬೇಕೆಂದು ಯಾವ ಶಾಸ್ತ್ರ ಹೇಳಿದೆ? ದೆಹಲಿಯ ಚಾಂದನಿ ಚೌಕಿನಲ್ಲಿ 2021ರಿಂದ ಹಗಲಿನಲ್ಲಿ ಮೋಟಾರು ವಾಹನಗಳನ್ನು ನಿರ್ಬಂಧಿಸಿ, ನಡೆಯುವವರಿಗೆ ದಾರಿ ಮಾಡಿಕೊಡಲಾಯಿತು. ಅಲ್ಲಿಯೂ ದೂರುಗಳಿವೆ, ಎಲ್ಲವೂ ಸುಸೂತ್ರವಲ್ಲ. ಆದರೂ ಮಾರುಕಟ್ಟೆಯೆಂದರೆ ವಾಹನ ಓಡುವ ಜಾಗವೆಂಬ ಭ್ರಮೆಯನ್ನು ಅದು ಒಡೆಯಿತು. 2024ರ ಮಾರ್ಚ್ 11ರಂದು ದರ ಕುಸಿದು ರೊಚ್ಚಿಗೆದ್ದ ರೈತರು ಬ್ಯಾಡಗಿಯ ಎ.ಪಿ.ಎಂ.ಸಿ. ಆವರಣದಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ನಾವು ಮರೆತಿಲ್ಲ. ಹಿಂಸೆಯನ್ನು ಸಮರ್ಥಿಸಲಾಗದು. ಆದರೆ ರೈತನ ಕಿಸೆ ಬರಿದಾದ ದಿನ ಮುಖ್ಯರಸ್ತೆಯ ಬಟ್ಟೆ ಅಂಗಡಿಗೆ ಬರುವವರಾರು? ತುಂಬು ಬಿಡಿಸುವ ಹೆಣ್ಣುಮಕ್ಕಳ ಕೂಲಿ ನಿಂತರೆ ಕಿರಾಣಿ ಅಂಗಡಿಯ ಉದ್ರಿ ತೀರಿಸುವವರಾರು?

ಇನ್ನು ಒಡೆಯುವಾಗ ಬೀಳುವವರ ಲೆಕ್ಕ. ಕಟ್ಟಡದ ಮಾಲೀಕನಿಗೆ ಪರಿಹಾರದ ಮಾತಾದರೂ ಉಂಟು. ಮೂವತ್ತು ವರ್ಷಗಳಿಂದ ಎಂಟಡಿ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡಿದ ಬಾಡಿಗೆದಾರನಿಗೆ, ಅದರ ಮುಂಗಟ್ಟೆಯ ಮೇಲೆ ಹೊಲಿಗೆಯಂತ್ರವಿಟ್ಟವನಿಗೆ ಏನುಂಟು? 2013ರ ಭೂಸ್ವಾಧೀನ ಕಾಯ್ದೆಯು, ನೆಲದ ಒಡೆತನವಿಲ್ಲದಿದ್ದರೂ ಹಿಂದಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು, ಸ್ವಾಧೀನದಿಂದ ಮುಖ್ಯ ಜೀವನೋಪಾಯ ಕಳೆದುಕೊಳ್ಳುವ ಬಾಡಿಗೆದಾರರ ಮತ್ತು ಕುಶಲಕರ್ಮಿಗಳ ಕುಟುಂಬಗಳನ್ನೂ ‘ಬಾಧಿತ ಕುಟುಂಬ’ದ ವ್ಯಾಖ್ಯೆಯೊಳಗೆ ತಂದಿದೆ. ಈ ವಿಷಯ ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು?

ಬೀದಿ ವ್ಯಾಪಾರಿಗಳದ್ದೂ ಇದೇ ಕತೆ. 2014ರ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ವಿತರಣೆಯಾಗುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಊರಿನ ಜನಸಂಖ್ಯೆಯ ಶೇಕಡಾ 2.5ರ ಮಿತಿಯೊಳಗೆ ಅವರಿಗೆ ಸ್ಥಳ ಕಲ್ಪಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡಾ 40 ಮಂದಿ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು. 2011ರ ಜನಗಣತಿಯಲ್ಲಿ ರಾಣೆಬೆನ್ನೂರಿನ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಆ ಲೆಕ್ಕದಲ್ಲಿಯೇ ಎರಡೂವರೆ ಸಾವಿರಕ್ಕೂ ಹೆಚ್ಚು ವ್ಯಾಪಾರಿಗಳಿಗೆ ಜಾಗ ಸಿಗಬಹುದು. ಮೂವತ್ತು ಸಾವಿರದ ಆಸುಪಾಸಿನ ಬ್ಯಾಡಗಿಯಲ್ಲಿ ಏಳುನೂರೈವತ್ತರಷ್ಟು. ತಳ್ಳುಗಾಡಿಯ ಹಣ್ಣಿನವನನ್ನು ಪೊಲೀಸರು ಗದರಿಸಿದಾಗ ಅಯ್ಯೋ ಎನ್ನುವ ನಮ್ಮ ಮುಖಂಡರು ಈ ಸಮಿತಿಯ ಬಾಗಿಲನ್ನೊಮ್ಮೆ ತಟ್ಟಿದ್ದಾರೆಯೇ?

ಈ ಪ್ರಶ್ನೆ ಅಧಿಕಾರಿಗಳಲ್ಲಿಗೆ ನಿಲ್ಲುವಂಥದ್ದಲ್ಲ. ಫುಟ್‌ಪಾತಿನ ಮೇಲೆ ಡ್ರಮ್ಮು, ಬಕೆಟ್ಟು, ಗೊಂಬೆಗಳನ್ನು ಹೊರಡಿಸಿ, ಗಟಾರಕ್ಕೆ ಕಲ್ಲುಚಪ್ಪಡಿ ಹಾಕಿ ಅದನ್ನೂ ಅಂಗಡಿಯ ಲೆಕ್ಕಕ್ಕೆ ಸೇರಿಸಿಕೊಂಡವರಲ್ಲಿ ನಮ್ಮವರಿಲ್ಲವೇ? ಸಾರ್ವಜನಿಕ ಜಾಗದಲ್ಲಿ ಕುಳಿತ ಹೂವಿನವಳಿಂದ ‘ನನ್ನ ಅಂಗಡಿಯ ಮುಂದೆ ಕೂತಿದ್ದೀಯ’ ಎಂದು ದಿನಗೂಲಿ ವಸೂಲಿ ಮಾಡುವವರಿಲ್ಲವೇ? ದಾರಿಯಲ್ಲಿನ ಅಡಚಣೆಯನ್ನು ನಿವಾರಿಸುವುದು ವಿಶ್ವಾಸದ ಒಂದು ಶಾಖೆಯೆಂದು ಪ್ರವಾದಿ(ಸ) ಕಲಿಸಿದರು. ದಾರಿಯ ಅಗಲದ ಬಗ್ಗೆ ತಕರಾರು ಬಂದರೆ ಏಳು ಮೊಳ ಬಿಡಬೇಕೆಂದು ತೀರ್ಪಿತ್ತದ್ದು ಬುಖಾರಿಯಲ್ಲಿದೆ. ಮಸೀದಿ ವಿಸ್ತರಣೆಗಾಗಿ ಖಲೀಫಾ ಉಮರ್(ರ) ಅವರು ಅಬ್ಬಾಸ್(ರ) ಅವರ ಮನೆಯನ್ನು ಕೇಳಿದಾಗ, ಒಡೆಯನ ಒಪ್ಪಿಗೆಯಿಲ್ಲದೆ ತೆಗೆದುಕೊಳ್ಳುವಂತಿಲ್ಲವೆಂದು ಮಧ್ಯಸ್ಥರು ಖಲೀಫರ ವಿರುದ್ಧವೇ ತೀರ್ಪಿತ್ತ ವೃತ್ತಾಂತವೂ ಪ್ರಸಿದ್ಧ. ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡು ಮೊದಲಿನದನ್ನು ಮರೆತರೆ ಅದು ಧರ್ಮವಲ್ಲ, ಅನುಕೂಲ.

ಸಮಿತಿಗಳ ಸುಪರ್ದಿಯಲ್ಲಿರುವ ಅಂಗಡಿಗಳ ಮಾತೂ ಬರಲಿ. ವಕ್ಫ್ ಆಸ್ತಿಗಳ ಗುತ್ತಿಗೆಗೆ 2014ರಲ್ಲಿಯೇ ನಿಯಮಗಳು ಬಂದವು. ಆದರೂ ಪೇಟೆಯ ನಡುಮಧ್ಯದ ಮಳಿಗೆಯನ್ನು ಅಜ್ಜನ ಕಾಲದ ಬಾಡಿಗೆಗೆ ಹಿಡಿದು, ಅದನ್ನೇ ಹತ್ತು ಪಟ್ಟಿಗೆ ಒಳಬಾಡಿಗೆ ಕೊಡುವ ಚಾಳಿ ಯಾವ ಊರಿಗೆ ಅಪರಿಚಿತ? ಅದರ ಮೇಲಂತಸ್ತು ಪಾರಿವಾಳಗಳಿಗೆ ಮೀಸಲು. ಅಲ್ಲಿ ಹೆಣ್ಣುಮಕ್ಕಳಿಗೊಂದು ಹೊಲಿಗೆ ಕೇಂದ್ರ, ವಾಚನಾಲಯ, ಕೊನೆಗೆ ಒಂದು ಶೌಚಾಲಯವಾದರೂ ಆಗಬಾರದೇ? ಹಬ್ಬದ ಖರೀದಿಗೆ ಮಕ್ಕಳೊಂದಿಗೆ ಬಂದ ತಾಯಂದಿರು ನೀರು ಕುಡಿಯಲೂ ಹಿಂಜರಿಯುವ ಪೇಟೆಗಳು ನಮ್ಮವು. ರಸ್ತೆ ಎಷ್ಟೇ ಅಡಿ ಅಗಲವಾದರೂ ಈ ಒಂದು ಸಂಕಟ ಅದರಿಂದ ನೀಗದು.

ಆದ್ದರಿಂದ ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿಯ ಸ್ಥಳೀಯ ಆಡಳಿತಗಳಲ್ಲಿ, ಚುನಾಯಿತ ಸದಸ್ಯರಿರಲಿ, ಆಡಳಿತಾಧಿಕಾರಿಯಿರಲಿ, ನಮ್ಮ ಒತ್ತಾಯ ಇಷ್ಟೇ. ಒಂದು ಗೋಡೆಯನ್ನು ಮುಟ್ಟುವ ಮುನ್ನ ಆ ರಸ್ತೆಯ ಪ್ರತಿಯೊಬ್ಬ ಬಾಡಿಗೆದಾರನ, ಪ್ರತಿಯೊಬ್ಬ ಬೀದಿ ವ್ಯಾಪಾರಿಯ ಹೆಸರಿರುವ ಪಟ್ಟಿ ಸಿದ್ಧವಾಗಲಿ. ಯಾರಿಗೆ ಎಲ್ಲಿ ಜಾಗವೆಂಬುದನ್ನು ಅದರೆದುರಿಗೆ ಬರೆಯಲಿ. ನಮ್ಮ ಸಮಿತಿಗಳೂ ತಮ್ಮ ಮಳಿಗೆಗಳ ಬಾಡಿಗೆಯ ಪಟ್ಟಿಯನ್ನು ಮುಂದಿನ ಶುಕ್ರವಾರದೊಳಗೆ ಮಸೀದಿಯ ಫಲಕಕ್ಕೆ ಅಂಟಿಸಲಿ.