ವಿದ್ಯಾರ್ಥಿಗಳ ಜಠರ

“ಗ್ಯಾಸ್ಟ್ರಿಕ್” ಎಂದು ಹೊಟ್ಟೆಯನ್ನು ಒತ್ತಿಹಿಡಿದು ಕೂಡುವ ತರುಣರು ನಮ್ಮ ಕಾಲೇಜುಗಳಲ್ಲಿ ಈಗ ಅಪರೂಪವಲ್ಲ. ಹಿರಿಯರನ್ನು ಕೇಳಿದರೆ ಉತ್ತರವು ಸಿದ್ಧವಾಗಿದೆ: ನಾಲಗೆಯ ಚಾಪಲ್ಯ, ಬೀದಿಯ ಗೋಬಿ ಮಂಚೂರಿ, ರಾತ್ರಿಯೆಲ್ಲ ಮೊಬೈಲು. ಇದು ಅರ್ಧಸತ್ಯ, ಹೊಣೆಗಾರರಿಗೆ ಬಹಳ ಅನುಕೂಲವಾದ ಅರ್ಧ.

ಜಠರದ ಒಳಪೊರೆಯು ಏಕೆ ಉರಿಗೊಳ್ಳುವುದೆಂಬುದು ಇಂದು ಗುಟ್ಟಾಗಿ ಉಳಿದಿಲ್ಲ. ಇಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎನಿಸಿಕೊಳ್ಳುವ ಸೂಕ್ಷ್ಮಜೀವಿಯನ್ನು 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯರಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬವರು ಬೆಳೆಸಿ ತೋರಿಸಿದರು. ಪಂಡಿತರು ನಂಬಲಿಲ್ಲ. 1984ರಲ್ಲಿ ಮಾರ್ಷಲ್‌ರು ಆ ಜೀವಿಗಳಿದ್ದ ದ್ರವವನ್ನು ತಾವೇ ಕುಡಿದು, ಕೆಲವೇ ದಿನಗಳಲ್ಲಿ ಕಾಯಿಲೆಬಿದ್ದು, ತಮ್ಮ ವಾದಕ್ಕೆ ತಮ್ಮ ಜಠರವನ್ನೇ ಸಾಕ್ಷಿಯಾಗಿ ನಿಲ್ಲಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಈ ಜೀವಿಯು ಬಹುಮಟ್ಟಿಗೆ ಬಾಲ್ಯದಲ್ಲಿಯೇ, ಕಿಕ್ಕಿರಿದ ಮನೆಗಳಲ್ಲಿ, ಶುದ್ಧವಾದ ನೀರೂ ಶೌಚದ ಸೌಕರ್ಯವೂ ಇಲ್ಲದೆಡೆಗಳಲ್ಲಿ ಅಂಟುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ದಶಕಗಟ್ಟಲೆ ಉಳಿಯುತ್ತದೆ. ಬಡವರ ಮಗನು ಕಾಲೇಜಿನ ಮೆಟ್ಟಿಲನ್ನೇರುವ ಮುನ್ನವೇ ಅದನ್ನು ಹೊತ್ತುತಂದಿರಬಹುದು. ಅದಕ್ಕಾಗಿ ಅವನ ನಾಲಗೆಯನ್ನು ದೂರುವುದು ಯಾವ ನ್ಯಾಯ?

ಎರಡನೆಯ ಕಾರಣವು ನೋವಿನ ಮಾತ್ರೆ. ಪರೀಕ್ಷೆಯ ತಲೆನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೊದಲಾದವುಗಳನ್ನು ಪದೇಪದೇ ನುಂಗುವವರ ಜಠರದ ಪೊರೆಯು ಘಾಸಿಗೊಳ್ಳುತ್ತದೆ. ವೈದ್ಯರ ಚೀಟಿಯನ್ನು ಕೇಳದ ಔಷಧದಂಗಡಿಯವನು ನೋವಿನ ಮಾತ್ರೆಯನ್ನೂ ಉರಿಯ ಮಾತ್ರೆಯನ್ನೂ ಒಂದೇ ಕೈಯಿಂದ ಕೊಡುತ್ತಾನೆ; ಎರಡರಲ್ಲೂ ಲಾಭವಷ್ಟೆ.

ಇನ್ನು ಹಸಿವು. ಹೊತ್ತು ಮೀರಿದ ಊಟವು ತಾನಾಗಿಯೇ ರೋಗವನ್ನು ಹುಟ್ಟಿಸದಿರಬಹುದು. ಇರುವ ಸಂಕಟವನ್ನು ಕೆರಳಿಸದೆ ಬಿಡದು. ಮುಂಜಾನೆಯ ಬಸ್ಸನ್ನು ಹಿಡಿಯುವ ಹಳ್ಳಿಯ ವಿದ್ಯಾರ್ಥಿನಿಯು ಒಂದು ಲೋಟ ಚಹಾದ ಮೇಲೆ ಮಧ್ಯಾಹ್ನದವರೆಗೆ ಕಾಲ ನೂಕುತ್ತಾಳೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹವು ಶಾಲೆಯ ಮಕ್ಕಳಿಗಾಗಿ ಏರ್ಪಟ್ಟಿತು. ಶಾಲೆಯನ್ನು ದಾಟಿದವರಿಗೆ ಹಸಿವಾಗದೆಂದು ಯಾವ ಶಾಸ್ತ್ರವು ಹೇಳಿದೆಯೋ ನಾವರಿಯೆವು. ವಾರಾನ್ನದ ಕಾಲದಲ್ಲಿ ಗೃಹಸ್ಥರು ಪರಸ್ಥಳದ ಬಡ ವಿದ್ಯಾರ್ಥಿಗೆ ದಿನಕ್ಕೊಂದು ಮನೆಯಂತೆ ಎಲೆ ಹಾಕುತ್ತಿದ್ದರು. ಆ ಎಲೆಯು ಜಾತಿಯನ್ನು ನೋಡಿಯೇ ಬೀಳುತ್ತಿತ್ತೆಂಬುದೂ ನಿಜ. ಇಂದಿನ ಸರ್ಕಾರಕ್ಕೆ ಆ ತೊಡಕಿಲ್ಲ.

ಆದುದರಿಂದ ಸರ್ಕಾರಿ ಕಾಲೇಜುಗಳಲ್ಲಿ ಮಧ್ಯಾಹ್ನದ ಅನ್ನಕ್ಕೆ ಏರ್ಪಾಡಾಗಲಿ. ವೇಳಾಪಟ್ಟಿಯಲ್ಲಿ ಉಣ್ಣುವಷ್ಟು ಬಿಡುವಿರಲಿ. ಜಿಲ್ಲೆಯ ಅಧಿಕಾರಿಗಳು ಮುಂದಿನ ಸಲ ವಿದ್ಯಾರ್ಥಿನಿಲಯಕ್ಕೆ ಭೇಟಿಯಿತ್ತಾಗ, ಹಾರವನ್ನು ಸ್ವೀಕರಿಸುವ ಮೊದಲು, ಮಾಳಿಗೆಯ ಮೇಲಣ ನೀರಿನ ತೊಟ್ಟಿಯನ್ನು ಕಡೆಯ ಬಾರಿ ಯಾವ ದಿನ ತೊಳೆಯಲಾಯಿತೆಂದು ವಿಚಾರಿಸಲಿ.