ಶಕ್ತಿಮಾನ್ ಮತ್ತೆ ತೆರೆಗೆ ಬರಬೇಕೆ?

ದೂರದರ್ಶನದ ಸೂಪರ್‌ಹೀರೋ ಧಾರಾವಾಹಿ 'ಶಕ್ತಿಮಾನ್' ಕಥೆಯನ್ನು ಮೂರು ಭಾಗಗಳ ಸಿನಿಮಾ ಮಾಡುವುದಾಗಿ ಸೋನಿ ಪಿಕ್ಚರ್ಸ್ 2022ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ನಾಯಕನಾಗಿ ರಣವೀರ್ ಸಿಂಗ್ ಹೆಸರು ಕೇಳಿಬಂತು. ಮೂಲ ಶಕ್ತಿಮಾನ್ ಮುಕೇಶ್ ಖನ್ನಾ ಬಹಿರಂಗವಾಗಿಯೇ ಒಪ್ಪಲಿಲ್ಲ. 2024ರ ನವೆಂಬರ್‌ನಲ್ಲಿ ಖನ್ನಾ ತಾವೇ ಶಕ್ತಿಮಾನ್ ಉಡುಪು ತೊಟ್ಟು ಯೂಟ್ಯೂಬ್‌ನಲ್ಲಿ ಕಾಣಿಸಿಕೊಂಡರು. ಕಾದಿದ್ದವರಲ್ಲಿ ಅನೇಕರಿಗೆ ಅದು ನಿರಾಸೆ ತಂದಿತು. ಇಷ್ಟಾದ ಮೇಲೂ ಈ ಪ್ರಯತ್ನ ಮುಂದುವರಿಯಬೇಕೆ? ಸ್ಕಂದಗಿರಿ ಸೀಮೆಯ ಇಬ್ಬರು ಇಲ್ಲಿ ವಾದಿಸಿದ್ದಾರೆ.

ಪರ: ಕಥೆ ಸೋತಿಲ್ಲ, ಮಾಡಿದ ರೀತಿ ಸೋತಿದೆ

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ರೇಷ್ಮೆ ನೂಲು ತೆಗೆಯುತ್ತಿದ್ದರು. ಭಾನುವಾರ ಮಧ್ಯಾಹ್ನ ಶಕ್ತಿಮಾನ್ ಶುರುವಾದರೆ ಹುಡುಗರೆಲ್ಲ ಟಿವಿ ಇದ್ದ ಮನೆಗೆ ಓಡುತ್ತಿದ್ದೆವು. ನಮ್ಮಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ತೆಲುಗು. ಹಿಂದಿ ಬಾರದ ನಮಗೆ ಉರ್ದು ಮಾತಾಡುವ ಗೆಳೆಯರು ಪಕ್ಕದಲ್ಲಿ ಕೂತು ಅರ್ಥ ಹೇಳುತ್ತಿದ್ದರು. ಕಾರ್ಯಕ್ರಮ ಮುಗಿದ ಕೂಡಲೇ ಬೀದಿಗಿಳಿದು, ಒಂದು ಕೈ ಮೇಲೆತ್ತಿ, ತಲೆ ಸುತ್ತುವವರೆಗೂ ಗಿರಗಿರ ತಿರುಗುತ್ತಿದ್ದೆವು.

ಆ ಧಾರಾವಾಹಿಯ ಗ್ರಾಫಿಕ್ಸ್ ಈಗ ನೋಡಿದರೆ ತೀರಾ ಸಾಧಾರಣ. ಆದರೂ 1997ರಿಂದ 2005ರವರೆಗೆ ಅದು ನಡೆದದ್ದು ಕಥೆಯ ಬಲದಿಂದ. ಶಕ್ತಿಮಾನ್‌ಗೆ ಬಲ ಬಂದದ್ದು ಹಣದಿಂದಲ್ಲ, ಪ್ರಯೋಗಾಲಯದ ಅಪಘಾತದಿಂದಲೂ ಅಲ್ಲ, ಸಾಧನೆಯಿಂದ. ಅವನೇ ಪತ್ರಿಕೆಯೊಂದರಲ್ಲಿ ಫೋಟೋಗ್ರಾಫರ್ ಆಗಿದ್ದ, ಹಲ್ಲುಬ್ಬಿನ, ಎಲ್ಲರೂ ನಗುವ ಗಂಗಾಧರ. ನಾಲ್ಕು ಜನರ ನಡುವೆ ಮಾತಾಡಲು ಹೆದರುವ ಮಗುವಿಗೆ ಗಂಗಾಧರ ಕೊಟ್ಟ ಧೈರ್ಯವನ್ನು ಯಾವ ವಿದೇಶಿ ನಾಯಕನೂ ಕೊಡಲಾರ. ಪ್ರತಿ ಕಂತಿನ ಕೊನೆಗೆ ಮಕ್ಕಳ ಸಣ್ಣಪುಟ್ಟ ತಪ್ಪು ತಿದ್ದುವ ಭಾಗವೂ ಇರುತ್ತಿತ್ತು. ನಮ್ಮಮ್ಮ ಹೇಳಿದರೆ ಕೇಳದ ಮಾತನ್ನು ಅವನು ಹೇಳಿದರೆ ಕೇಳುತ್ತಿದ್ದೆವು.

ಹಳೆಯದನ್ನು ಹೊಸದಾಗಿಸಲು ಹೊರಟವರು ಸೋತಿದ್ದಾರೆ, ಒಪ್ಪುತ್ತೇನೆ. 2011ರ ಅನಿಮೇಶನ್ ಸರಣಿ, 2013ರ ಟೆಲಿಚಿತ್ರ, ಎರಡೂ ಜನರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ 1997ರಲ್ಲಿ ಬಂದ 'ಬ್ಯಾಟ್‌ಮನ್ ಅಂಡ್ ರಾಬಿನ್' ಚಿತ್ರವನ್ನು ಜನ ಗೇಲಿ ಮಾಡಿದ್ದರು. ಆ ನಾಯಕನ ಕಥೆ ಅಲ್ಲಿಗೇ ಮುಗಿಯಲಿಲ್ಲ. 2005ರಲ್ಲಿ ಕ್ರಿಸ್ಟೋಫರ್ ನೋಲನ್ ಅದನ್ನು ಬುಡದಿಂದ ಕಟ್ಟಿ 'ಬ್ಯಾಟ್‌ಮನ್ ಬಿಗಿನ್ಸ್' ಮಾಡಿದರು. ನಮ್ಮ ಶಕ್ತಿಮಾನ್ ದೂರದರ್ಶನದಲ್ಲಿದ್ದ ವರ್ಷಗಳೂ ಅವೇ. ಅಲ್ಲಿ ಸೋಲಿನ ಮೇಲೆ ಕಟ್ಟಿದರು. ನಾವೇಕೆ ಸೋಲಿನ ಮುಂದೆ ಕೈಚೆಲ್ಲಬೇಕು?

ನನ್ನ ಷರತ್ತು ಒಂದೇ: ಬಂದರೆ ಕನ್ನಡದಲ್ಲೂ ಬರಬೇಕು. ಡಬ್ಬಿಂಗ್ ಬೇಡವೆಂದು ಕನ್ನಡ ಚಿತ್ರರಂಗ ದಶಕಗಳ ಕಾಲ ಬಾಗಿಲು ಮುಚ್ಚಿದ್ದರಿಂದ ನಷ್ಟವಾದದ್ದು ಮಕ್ಕಳಿಗೆ. ಸ್ಪರ್ಧಾ ಆಯೋಗ 2015ರಲ್ಲಿ ದಂಡ ಹಾಕಿದ ಮೇಲೆ ಆ ಬಾಗಿಲು ಮೆಲ್ಲನೆ ತೆರೆಯಿತು. 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಅನಿಮೇಶನ್ ಚಿತ್ರ ಕನ್ನಡದಲ್ಲೂ ಬಂತು. ನ್ಯೂಯಾರ್ಕಿನ ಹುಡುಗ ಕನ್ನಡ ಮಾತಾಡಬಹುದಾದರೆ, ನಾವು ಎತ್ತಿ ಆಡಿಸಿದ ಶಕ್ತಿಮಾನ್ ಯಾಕೆ ಮಾತಾಡಬಾರದು?

ವಿರೋಧ: ಅಪ್ಪಂದಿರ ನೆನಪನ್ನು ಮಕ್ಕಳಿಗೆ ಮಾರಬೇಡಿ

ಶಿಡ್ಲಘಟ್ಟದ ಗೆಳೆಯರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ನಾನೂ ಆ ಧಾರಾವಾಹಿಯನ್ನು ನೋಡಿ ಬೆಳೆದವನೇ. ಆದರೆ ಈಗ ಗೌರಿಬಿದನೂರಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ನನ್ನ ತರಗತಿಯಲ್ಲಿ ಶಕ್ತಿಮಾನ್ ಬೇಕೆಂದು ಒಂದು ಮಗುವೂ ಕೇಳಿಲ್ಲ. ಕೇಳುವವರೆಲ್ಲ ಮೂವತ್ತು ದಾಟಿದವರು. ಟಿಕೆಟ್ ಕೊಳ್ಳುವವರು ಅವರೇ ಆದ್ದರಿಂದ ಸಿನಿಮಾದವರು ಅವರ ನೆನಪಿಗೇ ಗಾಳ ಹಾಕುತ್ತಾರೆ. ಮಕ್ಕಳ ಚಿತ್ರ ಎನ್ನಿಸಿಕೊಂಡದ್ದು ದೊಡ್ಡವರ ಚಿತ್ರವಾಗುವುದು ಹೀಗೆ.

2024ರ ಮೇ ಕೊನೆಯಲ್ಲಿ ಬಂದ ಛೋಟಾ ಭೀಮ್ ಚಿತ್ರವನ್ನೇ ನೋಡಿ. 2008ರಿಂದ ಪೋಗೊ ವಾಹಿನಿಯಲ್ಲಿ ಮಕ್ಕಳ ಮನಸ್ಸು ಗೆದ್ದ ಕಾರ್ಟೂನ್ ಅದು. 2012ರಲ್ಲಿ ಅನಿಮೇಶನ್ ಚಿತ್ರವಾಗಿದ್ದ ದಮ್ಯಾನ್ ಶಾಪದ ಕಥೆಯನ್ನೇ, ಹುಟ್ಟುಹಾಕಿದ ರಾಜೀವ್ ಚಿಲಕಾ ಅವರೇ, ನಿಜವಾದ ನಟರನ್ನಿಟ್ಟು ಮತ್ತೆ ತೆಗೆದರು. ಅನುಪಮ್ ಖೇರ್ ಕೂಡ ಇದ್ದರು. ಆದರೂ ಚಿತ್ರ ಓಡಲಿಲ್ಲ. ಲಾಡು ತಿಂದೊಡನೆ ಭೀಮನ ತೋಳು ಉಬ್ಬುವುದು ಗೆರೆಯ ಚಿತ್ರದಲ್ಲಿ ಸಹಜ, ಮಾಂಸದ ಹುಡುಗನ ಮೇಲೆ ಅಸಹಜ. ಇಲ್ಲಿ ಕಥೆಯನ್ನು ಬಲ್ಲವರ ಕೊರತೆಯಿರಲಿಲ್ಲ, ಪ್ರೀತಿಯ ಕೊರತೆಯೂ ಇರಲಿಲ್ಲ. ಹಾಗಾಗಿ ಮಾಡಿದ ರೀತಿಯಷ್ಟೇ ತಪ್ಪು ಎಂಬ ವಾದ ನನಗೆ ಸಾಲದು. ಕೆಲವು ಕಥೆಗಳು ತಾವು ಹುಟ್ಟಿದ ರೂಪದಲ್ಲೇ ಬದುಕುತ್ತವೆ. ಶಕ್ತಿಮಾನ್ ವಾರಕ್ಕೊಮ್ಮೆ ಬಂದು, ಮುಂದಿನ ವಾರದವರೆಗೆ ನಮ್ಮನ್ನು ಕಾಯಿಸುತ್ತಿದ್ದ. ಆ ಏಳು ದಿನ ಬೀದಿಯಲ್ಲಿ ಕಥೆ ಬೆಳೆಸುತ್ತಿದ್ದವರು ನಾವು. ಎರಡೂವರೆ ಗಂಟೆಯ ಸಿನಿಮಾದಲ್ಲಿ ನಮಗೆ ಆ ಜಾಗವಿಲ್ಲ.

ಮತ್ತೊಂದು ಮಾತು ಹೇಳಲೇಬೇಕು. ಶಕ್ತಿಮಾನ್ ಬಂದು ಹಿಡಿಯುತ್ತಾನೆಂದು ಮಕ್ಕಳು ಎತ್ತರದಿಂದ ಹಾರಿದ ಸುದ್ದಿಗಳು ಆಗ ಪತ್ರಿಕೆಗಳಲ್ಲಿ ಬಂದಿದ್ದವು. ಅವುಗಳಿಗೂ ಧಾರಾವಾಹಿಗೂ ಎಷ್ಟು ನಂಟು ಎಂಬುದು ವಾದದ ವಿಷಯ. ಆದರೆ ಇದನ್ನು ಅನುಕರಿಸಬೇಡಿ ಎಂದು ಖನ್ನಾ ಅವರೇ ಪರದೆಯ ಮೇಲೆ ಬಂದು ಹೇಳಬೇಕಾಯಿತು. ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ತನಿಖೆಗೆ ಸಮಿತಿಯನ್ನೇ ರಚಿಸಿದ್ದರು. ಅಂಥವರ ಊರಿನ ಮೇಷ್ಟ್ರಾಗಿ, ಕುಂಡಲಿನಿಯಿಂದ ಆಕಾಶಕ್ಕೆ ಹಾರುವವನನ್ನು ಮತ್ತೆ ಆದರ್ಶವೆಂದು ತೋರಿಸಲು ನನಗೆ ಮನಸ್ಸಿಲ್ಲ.

ಹಾಗಾದರೆ ಸೂಪರ್‌ಹೀರೋ ಬೇಡವೆ? ಬೇಕು, ಹೊಸಬ ಬೇಕು. 2021ರಲ್ಲಿ ಮಲಯಾಳದ 'ಮಿನ್ನಲ್ ಮುರಳಿ' ಬಂತು. ಅದರ ನಾಯಕ ಹಳ್ಳಿಯ ದರ್ಜಿ, ಸಿಡಿಲು ಬಡಿದು ಶಕ್ತಿ ಪಡೆದವನು. 2024ರ ಜನವರಿಯಲ್ಲಿ ತೆಲುಗಿನ 'ಹನುಮಾನ್' ಬಂತು. ಎರಡಕ್ಕೂ ಯಾರ ಬಾಲ್ಯದ ಹಂಗೂ ಇರಲಿಲ್ಲ. ಎರಡೂ ಕನ್ನಡಕ್ಕೆ ಡಬ್ ಆಗಿ ಬಂದವು. ಡಬ್ಬಿಂಗ್ ಬರಲಿ, ಅದಕ್ಕೆ ನನ್ನ ತಕರಾರಿಲ್ಲ. ನಾವೇ ಒಬ್ಬನನ್ನು ಹುಟ್ಟಿಸದಿರುವುದಕ್ಕೆ ತಕರಾರಿದೆ.

ನಮ್ಮ ಜಿಲ್ಲೆಯಲ್ಲಿ ಅವನಿಗೆ ಕೆಲಸವೂ ಇದೆ. ಶಕ್ತಿಮಾನ್‌ನ ವೈರಿ, ಕತ್ತಲೆಯ ದೊರೆ ಕಿಲ್ವಿಷ್‌ಗಿಂತ ಹತ್ತಿರದ ಶತ್ರುಗಳು ಇಲ್ಲಿದ್ದಾರೆ: ಸಾವಿರ ಅಡಿ ಕೊರೆದರೂ ಒಣಗಿರುವ ಕೊಳವೆಬಾವಿ, ಹಲ್ಲು ಮೂಳೆ ಕೆಡಿಸುವ ಫ್ಲೋರೈಡ್ ನೀರು, ಬೆಟ್ಟ ನುಂಗುವ ಕಲ್ಲುಗಣಿ. 2021ರ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿಯ ಬಳಿ ಜಿಲೆಟಿನ್ ಸ್ಫೋಟಿಸಿ 6 ಜನ ಸತ್ತದ್ದನ್ನು ಈ ಸೀಮೆಯ ಮಕ್ಕಳು ಕೇಳಿದ್ದಾರೆ. ಬೆಳಗಿನ ಜಾವ ಮೋಡದ ಮೇಲೆ ತೇಲಿದಂತೆ ಕಾಣುವ ಸ್ಕಂದಗಿರಿಯನ್ನು ಬೆಂಗಳೂರಿನವರು ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅದರ ಬುಡದ ಕಳವಾರದ ಹುಡುಗಿಯೊಬ್ಬಳು ಆ ಬೆಟ್ಟವನ್ನು ಕಾಯುವ ಕಥೆಯನ್ನು ಇನ್ನೂ ಯಾರೂ ಸಿನಿಮಾ ಮಾಡಿಲ್ಲ. ಕನ್ನಡದ ನಿರ್ಮಾಪಕರಲ್ಲಿ ನನ್ನ ಕೋರಿಕೆ ಇಷ್ಟೆ: ಶಕ್ತಿಮಾನ್ ಜಗಳವನ್ನು ಮುಂಬೈಯವರಿಗೇ ಬಿಡಿ, ನಮ್ಮ ಮಕ್ಕಳಿಗೆ ಅವರದೇ ಊರಿನ ನಾಯಕಿಯನ್ನು ಕೊಡಿ.